ಡಮ್ ಡಮ್ ಎಂದರೆ ಬರೀ ವಿಮಾನವಲ್ಲ

ಕಳೆದ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವದ ದಿನ, ಊಟದ ಸಾಲಿನಲ್ಲಿ ನಿಂತಿದ್ದೆ. ನಿಮ್ಮಲ್ಲೇ ಒಬ್ಬ ಹುಡುಗ ನನ್ನ ತಟ್ಟೆಗೆ ಬಿಸಿಬೇಳೆಬಾತ್ ಬಡಿಸುತ್ತಾ ಕೇಳಿದ: "ಆಂಟಿ, ನಿಮ್ಮ ಮಗಳು ಕಾಲೇಜಿನಲ್ಲಿ ಮ್ಯೂಸಿಕ್ ಓದ್ತಿದ್ದಾಳಂತೆ. ಹಾಡೋಕೆ ಬಂದ್ರೆ ಹಾಡಬಹುದು, ಬರದಿದ್ರೆ ಇಲ್ಲ. ಅದರಲ್ಲಿ ವರ್ಷಗಟ್ಟಲೆ ಓದೋಕೆ ಏನಿದೆ?"

ಹಿಂದೆ ಸಾಲು ಬೆಳೆಯುತ್ತಿತ್ತು. ಹಪ್ಪಳ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಮುಂದೆ ಬಂದೆ. ಆದರೆ ಆ ಮಾತು ಮನೆಯ ತನಕ ನನ್ನ ಜೊತೆಯೇ ಬಂತು. ಯಾಕೆಂದರೆ ಎರಡು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನೇ ಕೇಳಿದ್ದೆ, ಆ ಹುಡುಗನಷ್ಟು ನಯವಾಗಿ ಅಲ್ಲ. ಮಗಳು ಹನ್ನೆರಡನೇ ತರಗತಿಯ ನಂತರ ಸಂಗೀತಶಾಸ್ತ್ರ ಮತ್ತು ಆಧುನಿಕ ಸಂಗೀತ ರಚನೆ ಕಲಿಯುತ್ತೇನೆ ಎಂದಾಗ, "ಹಾಡೋದಕ್ಕೂ ಡಿಗ್ರಿ ಬೇಕೇನೇ?" ಎಂದು ಪಾತ್ರೆ ಕುಕ್ಕಿದವಳು ನಾನು. ನಮ್ಮನೆಯವರು ಸುಮ್ಮನಿದ್ದರು. ಸುಮ್ಮನೆ ಇದ್ದುಕೊಂಡೇ ಫೀಜು ಕಟ್ಟಿ ಬಂದರು. ಮೂರು ವಾರ ಮನೆಯಲ್ಲಿ ಮಾತಿಲ್ಲ, ಕಥೆಯಿಲ್ಲ.

ಈಗ ಆ ಹುಡುಗನಿಗೆ, ಅವನ ನೆಪದಲ್ಲಿ ನಿಮಗೆಲ್ಲ, ಉತ್ತರ ಹೇಳಬೇಕು. ಕೂತು ಹೇಳುವುದಕ್ಕಿಂತ ನಡೆಯುತ್ತಾ ಹೇಳುವುದು ಸುಲಭ. ಬನ್ನಿ, ನನ್ನ ಜೊತೆ ಡಮ್ ಡಮ್ ಸುತ್ತಿ ಬನ್ನಿ. 2025ರ ಪೂಜೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ಸುತ್ತಿದ ದಾರಿ ಇದು.

ನಿಮಗೆ ಡಮ್ ಡಮ್ ಎಂದರೆ ವಿಮಾನ ನಿಲ್ದಾಣ. ಅಜ್ಜಿ ಊರಿನಿಂದ ಬಂದಿಳಿಯುವ ಜಾಗ. ಸ್ವಲ್ಪ ಓದಿದವರಿಗೆ ಡಮ್ ಡಮ್ ಗುಂಡು ಗೊತ್ತಿರುತ್ತದೆ, ದೇಹದೊಳಗೆ ಹೊಕ್ಕು ಅರಳುವ ಆ ಕ್ರೂರ ಗುಂಡು. 1899ರ ಹೇಗ್ ಸಮ್ಮೇಳನದಲ್ಲಿ ಅದನ್ನು ನಿಷೇಧಿಸಿದರು. ಊರಿನ ಹೆಸರು ಬಂದದ್ದು ದಮ್‌ದಮಾ ಎಂಬ ಪದದಿಂದ, ಫಿರಂಗಿ ಇಡುವ ಮಣ್ಣಿನ ದಿಬ್ಬ ಎಂದು ಅರ್ಥವಂತೆ. ಮದುವೆಯಾಗಿ ಮೈಸೂರಿನಿಂದ ಇಲ್ಲಿಗೆ ಬಂದಾಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಆದರೂ ಹೆಸರು ಮಾತ್ರ ಹೊಸದಲ್ಲ. ನಮ್ಮ ತಂದೆಯ ಗ್ರಾಮಫೋನ್ ತಟ್ಟೆಗಳ ಮೇಲೆ, ಕೊಳವೆಯ ಮುಂದೆ ಕೂತ ನಾಯಿಯ ಚಿತ್ರದ ಜೊತೆ, ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರಿರುತ್ತಿತ್ತು. ಚಿಕ್ಕವಳಿದ್ದಾಗ ಅದು ತಬಲದ ಬೋಲು ಎಂದುಕೊಂಡಿದ್ದೆ!

ಮೊದಲು ಡಮ್ ಡಮ್ ಮೆಟ್ರೋ ನಿಲ್ದಾಣದಿಂದ ಚಿಡಿಯಾಮೋಡ್ ಕಡೆಗೆ ಆಟೋ ಹಿಡಿಯೋಣ. ಹಿಂದಿನ ಸೀಟಿನಲ್ಲಿ ಮೂವರು, ಡ್ರೈವರ್ ಪಕ್ಕ ಒಬ್ಬರು, ಚಿಲ್ಲರೆ ಕೈಯಲ್ಲೇ ಇರಲಿ, ಇಲ್ಲದಿದ್ದರೆ ಬೈಗುಳ. ಬಿ.ಟಿ. ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ರವೀಂದ್ರ ಭಾರತಿ ವಿಶ್ವವಿದ್ಯಾಲಯದ ಆವರಣ ಸಿಗುತ್ತದೆ. 1962ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದಲ್ಲಿ ಹಾಡು, ವಾದ್ಯ, ನೃತ್ಯ, ನಾಟಕ ಎಲ್ಲವೂ ಪದವಿಯ ವಿಷಯಗಳೇ. ಅಂದರೆ ನಿಮ್ಮ ಪ್ರಶ್ನೆಗೆ ಈ ಊರಿನವರು ಅರವತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಾಗಿದೆ. ಈ ಆವರಣಕ್ಕೆ ಮರಕತ ಕುಂಜ ಎಂದು ಹಳೆಯ ಹೆಸರು; ಠಾಕೂರ್ ಮನೆತನದ ಪಾಥುರಿಯಾಘಾಟ ಶಾಖೆಯವರ ತೋಟದ ಬಂಗಲೆ ಇದ್ದ ಜಾಗ.

ಗೇಟಿನ ಹತ್ತಿರ ಹುಡುಗಿಯೊಬ್ಬಳು ಫೋನು ನೋಡುತ್ತಾ ರವೀಂದ್ರರ 'ಆನಂದಲೋಕೆ'ಯನ್ನು ಗುನುಗುತ್ತಿದ್ದಳು. ನಾನು ಮಗಳಿಗೆ ಹೇಳಿದೆ, "ಇದು ನಮ್ಮೂರಿನ ಮಟ್ಟು ಕಣೇ". ಅವಳು ನಂಬಲಿಲ್ಲ. ನೀವೂ ನಂಬಲಿಕ್ಕಿಲ್ಲ. ರವೀಂದ್ರರ ಅಕ್ಕನ ಮಗಳು ಸರಳಾದೇವಿ 1890ರ ದಶಕದಲ್ಲಿ ಮೈಸೂರಿಗೆ ಬಂದು ಮಹಾರಾಣಿ ಬಾಲಿಕಾ ಪಾಠಶಾಲೆಯಲ್ಲಿ ಕೆಲಸ ಮಾಡಿದರು. ಅಲ್ಲಿ ಕೇಳಿದ ಹಾಡುಗಳ ಮಟ್ಟುಗಳನ್ನು ತಂದು ಸೋದರಮಾವನಿಗೆ ಒಪ್ಪಿಸಿದರು. ಅವರು ಅವುಗಳಿಗೆ ಬಂಗಾಳಿ ಸಾಹಿತ್ಯ ಕೂಡಿಸಿದರು. ಸರಳಾದೇವಿ ತಮ್ಮ ಆತ್ಮಕಥೆಯಲ್ಲೇ ಇದನ್ನು ಬರೆದಿದ್ದಾರೆ. ಆ ಶಾಲೆಯೇ ಮುಂದೆ ಬೆಳೆದು ಮಹಾರಾಣಿ ಕಾಲೇಜಾಯಿತು. ನಾನು ಬಿ.ಎ. ಇಂಗ್ಲಿಷ್ ಮಾಡಿದ್ದು ಅಲ್ಲೇ! ವರ್ಡ್ಸ್‌ವರ್ತ್, ಶೇಕ್ಸ್‌ಪಿಯರ್ ಬಾಯಿಪಾಠ ಮಾಡಿದೆ. ಬಂಗಾಳದ ಮನೆಮನೆಯಲ್ಲಿ ಹಾಡುವ ಹಾಡಿನ ಬೇರು ನಮ್ಮ ಶಾಲೆಯ ಕಾಂಪೌಂಡಿನಲ್ಲಿದೆ ಎಂದು ಮೂರು ವರ್ಷದಲ್ಲಿ ಒಬ್ಬರೂ ಹೇಳಿಕೊಡಲಿಲ್ಲ. (1883ರಲ್ಲಿ ರವೀಂದ್ರರು ನಮ್ಮ ಕಾರವಾರದಲ್ಲೂ ಇದ್ದರು, ಅಣ್ಣ ಅಲ್ಲಿ ಜಡ್ಜ್ ಆಗಿದ್ದರು. ಅದು ಇನ್ನೊಂದು ಲೇಖನಕ್ಕಾಗುವ ವಿಷಯ.)

ಮಗಳು ಕೂಡಲೇ ಮೇಷ್ಟರಾದಳು. "ಅಮ್ಮ, ಮಟ್ಟು ತಗೊಂಡು ಮಾತು ಬದಲಾಯಿಸಿದ್ರೆ ಅದು ರಚನೆಯಾ?" ಎಂದಳು. ನನಗೆ ರೇಗಿತು, ರವೀಂದ್ರರನ್ನೇ ಪ್ರಶ್ನಿಸುವಷ್ಟು ದೊಡ್ಡವಳಾದೆಯಾ ಅಂತ. ಆದರೆ ಅವಳ ಪ್ರಶ್ನೆಯ ಹಿಂದೆ ಒಂದು ಗಾಯವಿತ್ತು.

ಹಿಂದಿನ ಮೇ ತಿಂಗಳಲ್ಲಿ ಅವಳು ಒಂದು ರಚನೆ ಬರೆದಿದ್ದಳು. ನಾನು ಚಿಕ್ಕಂದಿನಲ್ಲಿ ಅವಳಿಗೆ ವೀಣೆಯಲ್ಲಿ ಕಲಿಸಿದ ತೋಡಿ ರಾಗದ ಆಲಾಪ ಮೇಲೆ, ಕೆಳಗೆ ಪಿಯಾನೋದ ಕಾರ್ಡುಗಳು. ಕಾರ್ಡು ಎಂದರೆ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತುವುದು. ಅವಳ ಅಧ್ಯಾಪಕರು ಅದನ್ನು ನೋಡಿ, ಎರಡು ಬಟ್ಟೆಗೆ ಪಿನ್ನು ಹಾಕಿ ಸೇರಿಸಿದ ಹಾಗಿದೆ, ಹೊಲಿಗೆ ಎಲ್ಲಿ ಎಂದರಂತೆ. ಅಂಕ ಕಡಿಮೆ ಬಂತು. ರಾತ್ರಿ ಫೋನು ಮಾಡಿ ಅತ್ತಳು. ಬಿಟ್ಟು ಬಂದು ಬಿ.ಕಾಂ. ಸೇರುತ್ತೇನೆ ಎಂದಳು. ನಾನು ಗೆದ್ದೆ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ತಾಯಿಯಾಗಿ ನಾಚಿಕೆಪಡುವ ಮಾತು, ಆದರೂ ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ.

ಅಧ್ಯಾಪಕರು ಹೇಳಿದ್ದು ಏನು ಅಂತ ನನಗೆ ಆಮೇಲೆ ನಿಧಾನಕ್ಕೆ ಅರ್ಥವಾಯಿತು. ತೋಡಿಯ ಗಾಂಧಾರವನ್ನು ನೆನೆಸಿಕೊಳ್ಳಿ, ಸಂಗೀತ ಕಲಿಯುತ್ತಿರುವವರಿಗೆ ಗೊತ್ತು. ಅದು ಒಂದು ಕಡೆ ನಿಲ್ಲುವ ಸ್ವರವಲ್ಲ, ತೂಗುತ್ತದೆ. ಆ ತೂಗಾಟವೇ ತೋಡಿ. ಆದರೆ ಕಾರ್ಡು ಎಂಬುದು ಮೇಜಿನ ಕಾಲಿದ್ದ ಹಾಗೆ, ಎಲ್ಲ ಸ್ವರಗಳೂ ತಮ್ಮ ತಮ್ಮ ಜಾಗದಲ್ಲಿ ಗಟ್ಟಿಯಾಗಿ ನಿಂತರೇ ಅದು ನಿಲ್ಲುವುದು. ಮೇಲಿನದು ತೂಗುತ್ತದೆ, ಕೆಳಗಿನದು ನಿಲ್ಲು ಎನ್ನುತ್ತದೆ. ಪೆಟ್ಟು ಬೀಳುವುದು ಕಿವಿಗೆ.

ಇದೇ ತೊಡಕನ್ನು ನೋಡಲು ಮೆಟ್ರೋದಲ್ಲಿ ಒಂದೇ ಒಂದು ನಿಲ್ದಾಣ ಹಿಂದೆ ಹೋಗೋಣ, ಬೆಳಗಾಛಿಯಾಕ್ಕೆ. 1858ರಲ್ಲಿ ಪಾಯಿಕ್‌ಪಾಡಾ ರಾಜರು ಇಲ್ಲಿನ ತಮ್ಮ ಬಂಗಲೆಯಲ್ಲಿ 'ರತ್ನಾವಳಿ' ನಾಟಕ ಆಡಿಸಿದರು. ಅದಕ್ಕೆ ಕ್ಷೇತ್ರಮೋಹನ ಗೋಸ್ವಾಮಿ ಎಂಬ ಸಂಗೀತಗಾರರು ಒಂದು ದೇಶೀ ವಾದ್ಯವೃಂದ ಕಟ್ಟಿದರು. ಹತ್ತಾರು ಜನ ಒಟ್ಟಿಗೆ ಒಂದೇ ಹಾಗೆ ನುಡಿಸಬೇಕು, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಎಂದರೆ ಸಾಲದು, ಕಾಗದದ ಮೇಲೆ ಬೇಕು. ಹಾಗಾಗಿ ಗೋಸ್ವಾಮಿಯವರು ದಂಡಮಾತ್ರಿಕ ಎಂಬ ಸ್ವರಲಿಪಿಯನ್ನು ರೂಪಿಸಿದರು. ಮರಕತ ಕುಂಜದ ಮನೆತನದ ಶೌರೀಂದ್ರಮೋಹನ ಠಾಕೂರರು ಇವರದೇ ಶಿಷ್ಯ. 1871ರಲ್ಲಿ ಅವರು ಬಂಗಾಳ ಸಂಗೀತ ಶಾಲೆ ತೆರೆದರು. ನೋಡಿ, ನಮ್ಮ ಹುಡುಗಿ ಅತ್ತದ್ದು ಯಾವುದಕ್ಕೋ ಅದಕ್ಕಾಗಿಯೇ ನೂರೈವತ್ತು ವರ್ಷದ ಹಿಂದೆ ಇಲ್ಲಿ ಜನ ತಲೆ ಕೆಡಿಸಿಕೊಂಡಿದ್ದರು.

ಕಲ್ಕತ್ತೆಯಲ್ಲೇ ಹುಟ್ಟಿದ ಜಾನ್ ಮೇಯರ್ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ಬಡ ಆಂಗ್ಲೋ-ಇಂಡಿಯನ್ ಮನೆ, ಕೈಯಲ್ಲಿ ಪಿಟೀಲು. 1952ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಲಂಡನ್ನಿನ ರಾಯಲ್ ಅಕಾಡೆಮಿಗೆ ಹೋದರು, ವಾದ್ಯವೃಂದಗಳಲ್ಲಿ ನುಡಿಸಿದರು, ರಾಗವನ್ನೂ ಪಾಶ್ಚಾತ್ಯರ ಹನ್ನೆರಡು ಸ್ವರದ ಪದ್ಧತಿಯನ್ನೂ ಒಂದೇ ರಚನೆಯಲ್ಲಿ ನೇಯಲು ಜೀವನಪೂರ್ತಿ ಹೆಣಗಿದರು, ಬರ್ಮಿಂಗ್‌ಹ್ಯಾಮ್‌ನಲ್ಲಿ ಮಕ್ಕಳಿಗೆ ಕಲಿಸಿದರು. 2004ರಲ್ಲಿ ತೀರಿಕೊಂಡರು. ನನ್ನ ಮಗಳ ಗೋಡೆಯ ಮೇಲೆ ಈಗ ಅವರ ಫೋಟೋ ಇದೆ, ಮೊದಲು ಅಲ್ಲಿ ಒಬ್ಬ ಕ್ರಿಕೆಟ್ ಆಟಗಾರ ಇದ್ದ.

ಹನ್ನೆರಡು ಸ್ವರದ ಪದ್ಧತಿ ಎಂದೆನಲ್ಲ, ಅದನ್ನು ಅಡಿಗೆಮನೆಯ ಭಾಷೆಯಲ್ಲಿ ಹೇಳಿಬಿಡುತ್ತೇನೆ. 1920ರ ದಶಕದಲ್ಲಿ ವಿಯೆನ್ನಾದ ಆರ್ನಾಲ್ಡ್ ಶೋನ್‌ಬರ್ಗ್ ಮಾಡಿದ ನಿಯಮ ಇದು. ಹನ್ನೆರಡು ಸ್ವರಸ್ಥಾನಗಳನ್ನೂ ನಿಮಗೆ ಬೇಕಾದ ಕ್ರಮದಲ್ಲಿ ಒಂದು ಸಾಲಾಗಿ ಜೋಡಿಸಿ. ಸಾಲು ಪೂರ್ತಿ ಮುಗಿಯುವ ತನಕ ಒಮ್ಮೆ ಬಂದು ಹೋದ ಸ್ವರಕ್ಕೆ ಮತ್ತೆ ಸರದಿಯಿಲ್ಲ. ನಮ್ಮ ಅಜ್ಜಿಯ ಮಡಿಯ ಹಾಗೆ! ಆ ಸಾಲನ್ನು ಹಿಂದುಮುಂದು ಮಾಡಬಹುದು, ತಲೆಕೆಳಗು ಮಾಡಬಹುದು, ಎರಡನ್ನೂ ಒಟ್ಟಿಗೆ ಮಾಡಬಹುದು. ಒಟ್ಟು ನಾಲ್ಕು ರೂಪ. ಪ್ರತಿಯೊಂದನ್ನೂ ಹನ್ನೆರಡು ಸ್ಥಾನಗಳಿಂದ ಶುರು ಮಾಡಬಹುದು, ನಲವತ್ತೆಂಟು. "ನಲವತ್ತೆಂಟು ಯಾವ ಲೆಕ್ಕ, ನಮ್ಮ ವೆಂಕಟಮಖಿ ಎಪ್ಪತ್ತೆರಡು ಮೇಳ ಮಾಡಿಟ್ಟಿದ್ದಾನೆ" ಎಂದು ನಾನು ಜಂಬ ಕೊಚ್ಚಿದೆ. 17ನೇ ಶತಮಾನದ ತಂಜಾವೂರಿನಲ್ಲಿ ಚತುರ್ದಂಡೀಪ್ರಕಾಶಿಕೆ ಬರೆದ ವೆಂಕಟಮಖಿಯದು ಮೂಲತಃ ಕನ್ನಡದ ಮನೆತನ, ಅದಕ್ಕೇ ಆ ಜಂಬ. ಮಗಳು ನಕ್ಕಳು. "ಅಮ್ಮ, ಅವರು ಲೆಕ್ಕ ಹಾಕಿದ್ದು ಷಡ್ಜವನ್ನ ಕೂರಿಸೋದಕ್ಕೆ. ಇವರು ಲೆಕ್ಕ ಹಾಕಿದ್ದು ಷಡ್ಜವನ್ನ ಎಬ್ಬಿಸೋದಕ್ಕೆ." ಯಾವ ಸ್ವರಕ್ಕೂ ಯಜಮಾನಿಕೆ ಇರಬಾರದು ಎಂಬುದೇ ಆ ಪದ್ಧತಿಯ ಉದ್ದೇಶವಂತೆ. ನನಗೆ ಆ ಸಂಗೀತ ಇವತ್ತಿಗೂ ರುಚಿಸುವುದಿಲ್ಲ. ತಂಬೂರಿ ನಿಲ್ಲಿಸಿದ ಮನೆಯಲ್ಲಿ ಕೂತ ಹಾಗಿರುತ್ತದೆ. ಆದರೆ ಅದು ಗದ್ದಲ ಎಂದು ಈಗ ಹೇಳುವುದಿಲ್ಲ.

ಇನ್ನು ಜೆಸ್ಸೋರ್ ರಸ್ತೆಗೆ ಬನ್ನಿ. ಈಗ ವಿಮಾನ ನಿಲ್ದಾಣದ ಕಡೆಗೆ ಹೋಗುವ ಹೊಸ ಮೆಟ್ರೋದಲ್ಲಿ ಆ ಹೆಸರಿನ ನಿಲ್ದಾಣವೇ ಇದೆ, 2025ರ ಆಗಸ್ಟಿನಲ್ಲಿ ಶುರುವಾಯಿತು. ಈ ರಸ್ತೆಯಲ್ಲೇ ಗ್ರಾಮಫೋನ್ ಕಂಪನಿಯ ಹಳೆಯ ಕಾರ್ಖಾನೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರಲ್ಲಿ ಗೌಹರ್ ಜಾನ್ ಕೊಳವೆಯ ಮುಂದೆ ಹಾಡಿದರು. ಆಗ ತಟ್ಟೆಗಳನ್ನು ಹಡಗಿನಲ್ಲಿ ಜರ್ಮನಿಗೆ ಕಳಿಸಿ ಒತ್ತಿಸಿ ತರಬೇಕಿತ್ತು. 1908ರಲ್ಲಿ ಸಿಯಾಲ್ದಾದಲ್ಲಿ ಕಾರ್ಖಾನೆ ಬಂತು, 1928ರಲ್ಲಿ ಅದು ಡಮ್ ಡಮ್‌ಗೆ ಸ್ಥಳಾಂತರವಾಯಿತು. ಅದೇ 1928ರಲ್ಲಿ ಗೌಹರ್ ಜಾನ್ ಕಲ್ಕತ್ತೆ ಬಿಟ್ಟು ನಾಲ್ವಡಿಯವರ ಆಸ್ಥಾನ ಸೇರಿಕೊಂಡರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಧ್ವನಿ ಈ ಊರಿನಲ್ಲಿ ಉಳಿಯಿತು, ದೇಹ ನಮ್ಮೂರಿನಲ್ಲಿ.

ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವವರು ಮೂರು ನಿಮಿಷದಲ್ಲಿ ಆಲಾಪ, ಬಂದಿಶ್, ತಾನ್ ಎಲ್ಲ ಮುಗಿಸಬೇಕು. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು? ಮಗಳು ಕಾರ್ಖಾನೆಯ ಗೋಡೆಯ ಹೊರಗೆ ನಿಂತು, "ಇದೇ ನಮಗೆ ಫಾರ್ಮ್ ಅಂತ ಒಂದು ಪೇಪರ್ ಅಮ್ಮ" ಎಂದಳು. ರೂಪ, ಅಳತೆ. ಬಟ್ಟೆ ಕತ್ತರಿಸುವ ಮೊದಲು ಟೈಲರ್ ಹಾಕುವ ಸೀಮೆಸುಣ್ಣದ ಗೆರೆ.

ಆವರಣದೊಳಗೇ ಸ್ಟುಡಿಯೋ ಇದೆ. ಪ್ರತಿ ವರ್ಷ ಪೂಜೆಗೆ ಹೊಸ ಬಂಗಾಳಿ ಹಾಡುಗಳ ತಟ್ಟೆ ಹೊರಬರುತ್ತಿದ್ದ ಕಾಲ ಒಂದಿತ್ತು. ಆ ಹಾಡುಗಳ ದೊಡ್ಡ ಹೆಸರು ಸಲಿಲ್ ಚೌಧುರಿ. ಅಸ್ಸಾಮಿನ ಚಹಾ ತೋಟದಲ್ಲಿ ತಂದೆಯ ಜೊತೆ ಪಾಶ್ಚಾತ್ಯ ಶಾಸ್ತ್ರೀಯ ತಟ್ಟೆಗಳನ್ನು ಕೇಳುತ್ತಾ ಬೆಳೆದವರು. ನಿಮಗೆ ಗೊತ್ತೇ, ಅವರು ನಾಲ್ಕು ಕನ್ನಡ ಚಿತ್ರಗಳಿಗೂ ಸಂಗೀತ ಕೊಟ್ಟಿದ್ದಾರೆ: 1971ರ 'ಸಂಶಯ ಫಲ', 1975ರ 'ಒಂದೇ ರೂಪ ಎರಡು ಗುಣ', 1977ರ 'ಚಿನ್ನಾ ನಿನ್ನ ಮುದ್ದಾಡುವೆ' ಮತ್ತು 'ಕೋಕಿಲ'. ರೇಡಿಯೋದಲ್ಲಿ ಅವುಗಳ ಹಾಡು ಬಂದಾಗ ಹಿಂದೆ ಏನೋ ಇನ್ನೊಂದು ಹಾಡು ಹರಿಯುತ್ತಿದೆ ಅಂತ ನನಗೆ ಅನ್ನಿಸುತ್ತಿತ್ತು. ಅದು ಕೌಂಟರ್‌ಪಾಯಿಂಟ್ ಎಂದು ಮಗಳಿಂದ ತಿಳಿಯಿತು. ಎರಡು ಹಾಡು ಒಂದೇ ಹೊತ್ತಿಗೆ, ಒಂದು ಇನ್ನೊಂದರ ಕಾಲು ತುಳಿಯದೆ ನಡೆಯುವ ವಿದ್ಯೆ.

ಈಗ ಅಲ್ಲಿ ಹಿಂದಿನ ಹಾಗೆ ತಟ್ಟೆ ಒತ್ತುವುದಿಲ್ಲ. 2000ದಲ್ಲಿ ಕಂಪನಿಯ ಹೆಸರೇ ಸರೆಗಮ ಎಂದಾಯಿತು. ನಾನು ಗೇಟಿನ ಕಡೆ ನೋಡುತ್ತಾ ನಿಂತೆ. ನಮ್ಮ ತಂದೆಯ ತಟ್ಟೆಗಳೆಲ್ಲ ಇಲ್ಲಿಂದ ಹೊರಟು ಮೈಸೂರಿನ ಅಂಗಡಿ ಸೇರಿ, ನಮ್ಮ ಮನೆಯ ಕಪಾಟಿಗೆ ಬಂದವು. ನಾನು ಅವುಗಳ ಹಿಂದೆಯೇ ತಿರುಗುದಾರಿಯಲ್ಲಿ ಬಂದ ಹಾಗಾಯಿತು.

ಮನೆಗೆ ಬಂದಾಗ ಸಂಜೆ. ಬೀದಿಯ ಕೊನೆಯ ಪೆಂಡಾಲಿನಲ್ಲಿ ಢಾಕ್ ಬಾರಿಸುತ್ತಿದ್ದರು. ಮಗಳಿಗೆ ರಜೆಯ ಕೆಲಸ ಕೊಟ್ಟಿದ್ದರು: ಹಿಂದಿನಿಂದ ಓದಿದರೂ ಒಂದೇ ಆಗುವ ಲಯಗಳನ್ನು ಬಳಸಿ ಮೂರು ವಾದ್ಯಕ್ಕೆ ಐದು ನಿಮಿಷದ ರಚನೆ. ಗದಗ ಎಂದು ಹಿಂದಿನಿಂದ ಓದಿದರೂ ಗದಗವೇ ಅಲ್ಲವೇ, ಹಾಗೆ. ಫ್ರಾನ್ಸಿನ ಒಲಿವಿಯೆ ಮೆಸಿಯಾನ್ (1908–1992) ಇಂಥ ಲಯಗಳ ಹುಚ್ಚು ಹಿಡಿಸಿಕೊಂಡವರು. ಅವರಿಗೆ ಆ ಹುಚ್ಚು ಎಲ್ಲಿಂದ ಬಂತು ಗೊತ್ತೇ? ಫ್ರೆಂಚ್ ಸಂಗೀತ ವಿಶ್ವಕೋಶವೊಂದರಲ್ಲಿ ಅಚ್ಚಾಗಿದ್ದ ನಮ್ಮ ಶಾರ್ಙ್ಗದೇವನ 120 ದೇಶೀ ತಾಳಗಳ ಪಟ್ಟಿಯಿಂದ. 13ನೇ ಶತಮಾನದ ಸಂಗೀತರತ್ನಾಕರ ಅದು; ವಿಜಯನಗರದ ಕಲ್ಲಿನಾಥ ಅದಕ್ಕೆ ವ್ಯಾಖ್ಯಾನ ಬರೆದ. ಆ ಪಟ್ಟಿಯಲ್ಲಿ ಢೆಂಕಿ ಎಂಬ ತಾಳ. ಉದ್ದ, ಗಿಡ್ಡ, ಉದ್ದ.

ಮಗಳು ಕಾಗದದ ಮೇಲೆ ಬರೆದು ತೋರಿಸಿದಾಗ ನನ್ನ ಬಾಯಿಂದ ತಾನೇ ಬಂತು: "ಗುರು, ಲಘು, ಗುರು. ಇದು ರಗಣ ಕಣೇ."

"ಯಾವ ಗಣ?"

ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು ಕೈಗೆ ಹೊಡೆದು ಬಾಯಿಪಾಠ ಮಾಡಿಸಿದ ಯಮಾತಾರಾಜಭಾನಸಲಗಂ ಹೇಳಿದೆ. ಮೂರು ಮೂರು ಅಕ್ಷರ ತೆಗೆದುಕೊಂಡು ಹೋದರೆ ಎಂಟು ಗಣಗಳೂ ಅದರಲ್ಲೇ ಸಿಗುತ್ತವೆ: ಯಮಾತಾ ಯಗಣ, ಮಾತಾರಾ ಮಗಣ, ಹೀಗೆ. ರಾಜಭಾ ಎಂಬುದೇ ರಗಣ. ನಾನು ಅದನ್ನು ಪರೀಕ್ಷೆಯ ಹೊರಗೆ ಎಂದೂ ಬಳಸಿದವಳಲ್ಲ. ಅವಳು ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಹಾಳೆ ತಿರುಗಿಸಿದಳು. ಎಂಟರಲ್ಲಿ ನಾಲ್ಕು ಗಣ, ಮ, ನ, ರ, ಜ, ಹಿಂದಿನಿಂದ ಓದಿದರೂ ಅವೇ. ಉಳಿದ ನಾಲ್ಕು ಜೋಡಿಗಳು: ಯಗಣವನ್ನು ತಿರುಗಿಸಿದರೆ ತಗಣ, ಭಗಣವನ್ನು ತಿರುಗಿಸಿದರೆ ಸಗಣ. ನಮ್ಮ ಪಂಡಿತರೂ ಇದನ್ನು ಹೇಳಿರಲಿಲ್ಲ, ನಾನೂ ನೋಡಿರಲಿಲ್ಲ.

ಅಷ್ಟರಲ್ಲಿ ಕೆಳಮನೆಯ ಮಾಸೀಮಾ ಪೂಜೆಯ ನಾರಕೇಲ್ ನಾಡು, ಅಂದರೆ ಕೊಬ್ಬರಿ ಉಂಡೆ, ತಂದರು. ಢೆಂಕಿ ಎಂಬ ಮಾತು ಕೇಳಿ ಬಾಗಿಲಲ್ಲೇ ನಿಂತರು. ಢೆಂಕಿ ಎಂದರೆ ಬಂಗಾಳದ ಹಳ್ಳಿಗಳಲ್ಲಿ ಭತ್ತ ಕುಟ್ಟುವ ಉದ್ದನೆಯ ಮರ. ನಮ್ಮ ಒನಕೆ ಕೈಯಿಂದ ಮಾಡುವ ಕೆಲಸವನ್ನು ಅದು ಕಾಲಿನಿಂದ ಮಾಡಿಸುತ್ತದೆ. ಒಂದು ತುದಿ ತುಳಿದು ಬಿಟ್ಟರೆ ಇನ್ನೊಂದು ತುದಿ ಧೊಪ್ಪನೆ ಬೀಳುತ್ತದೆ. ಎಪ್ಪತ್ತೆಂಟು ವರ್ಷದ ಆಕೆ ಸೆರಗು ಸಿಕ್ಕಿಸಿಕೊಂಡು ನಮ್ಮ ಹಾಲಿನ ನೆಲದ ಮೇಲೆ ಹೇಗೆ ತುಳಿಯುತ್ತಿದ್ದೆವೆಂದು ಮಾಡಿ ತೋರಿಸಿದರು. ಇಬ್ಬರು ಹೆಂಗಸರು ತುಳಿಯುವುದು, ಇನ್ನೊಬ್ಬಳು ಕುಳಿಯ ಹತ್ತಿರ ಕೂತು ಮರ ಎದ್ದಾಗ ಕೈ ಹಾಕಿ ಭತ್ತ ತಿರುವುವುದು. ತಾಳ ತಪ್ಪಿದರೆ ಬೆರಳು ಹೋಯಿತು ಎಂದರು. ಮಗಳು ಫೋನಿನಲ್ಲಿ ಅವರ ಹೆಜ್ಜೆಯ ಸದ್ದನ್ನು ಹಿಡಿದುಕೊಂಡಳು.

"ಮುಗೀತಲ್ಲ, ನಿನ್ನ ಹೋಮ್‌ವರ್ಕ್?" ಎಂದೆ ನಾನು, ಹೆಮ್ಮೆಯಿಂದ.

"ಎಲ್ಲಿ ಮುಗೀತಮ್ಮ? ಹೆಸರು ಸಿಕ್ಕಿತು ಅಷ್ಟೇ. ಇನ್ನು ಬರೀಬೇಕು. ಮತ್ತೆ ಪಿನ್ನು ಹಾಕಿದ ಹಾಗಾದ್ರೆ?"

ಸರಿಯಾದ ಮಾತು. ರಗಣ ಎಂದು ಗೊತ್ತಿದ್ದೂ ನಾನು ಮೂವತ್ತೈದು ವರ್ಷ ಏನನ್ನೂ ಬರೆಯಲಿಲ್ಲವಲ್ಲ. ಅವಳು ಆ ವಾರ ಎರಡು ಸಲ ಬರೆದು ಹರಿದಳು. ಮೂರನೆಯದರಲ್ಲಿ ಕಾರ್ಡುಗಳಿಲ್ಲ, ರಾಗದ ಹೆಸರೂ ಇಲ್ಲ. ವೀಣೆ, ಚೆಲ್ಲೋ ಮತ್ತು ಮರದ ಒಂದು ಹಲಗೆ. ವೀಣೆಯ ಗಾಂಧಾರ ತೂಗುತ್ತದೆ, ಚೆಲ್ಲೋ ಅದನ್ನು ನಿಲ್ಲು ಎನ್ನದೆ ತಾನೂ ಬೇರೆ ವೇಗದಲ್ಲಿ ತೂಗುತ್ತದೆ, ಹಲಗೆ ನಡುವೆ ಬೀಳುತ್ತದೆ. ನನಗೆ ಕೇಳಲು ಅಷ್ಟೇನೂ ಹಿತವಾಗಲಿಲ್ಲ. ಆದರೆ ಮಾಸೀಮಾ ಕೇಳಿ, ಬೆರಳು ಹಿಂದಕ್ಕೆ ಎಳೆದುಕೊಂಡರು.

ಬಿ.ಕಾಂ. ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೌರಾದಲ್ಲಿ ರೈಲು ಹತ್ತಿಸುವಾಗ ನನ್ನ ಹಳೆಯ ಛಂದಸ್ಸಿನ ಪುಸ್ತಕವನ್ನು ಚೀಲಕ್ಕೆ ಹಾಕಿದೆ. ಜೊತೆಗೆ ಚಟ್ನಿಪುಡಿ.

ಬಡಿಸಿದ ಹುಡುಗನೇ, ಇದನ್ನು ಓದುತ್ತಿದ್ದರೆ ಒಂದು ಭಾನುವಾರ ಬಾ, ನಿನ್ನ ಸ್ನೇಹಿತರನ್ನೂ ಕರೆದುಕೊಂಡು ಬಾ. ಬಿ.ಟಿ. ರಸ್ತೆಯಿಂದ ಜೆಸ್ಸೋರ್ ರಸ್ತೆಯ ತನಕ ಸುತ್ತಿಸುತ್ತೇನೆ. ಬೆಳಿಗ್ಗೆ ಹತ್ತರೊಳಗೆ ಬಂದರೆ ಒಳ್ಳೆಯದು, ಆಮೇಲೆ ಆಟೋದ ಸಾಲು ಉದ್ದವಾಗುತ್ತದೆ. ಮಾಸೀಮಾಗೂ ಹೇಳಿಟ್ಟಿದ್ದೇನೆ.